ಟವೆಲ್ಲಿನ ಕೆಳಗಿನ ಪಗಾರ

ಸುರಪುರದ ಜಮಾಲಸಾಬ ಎತ್ತಿನ ದಲಾಲ. ಕಕ್ಕೇರಾದಿಂದ ಬಳಿಚಕ್ರದವರೆಗೆ ಯಾರ ಕೊಟ್ಟಿಗೆಯ ಎತ್ತು ಕುಂಟುತ್ತದೆ, ಯಾವುದು ಹಾಯುತ್ತದೆ, ಯಾವುದು ಕೆಸರು ಕಂಡರೆ ನೊಗ ಸಮೇತ ಮಲಗಿಬಿಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂಬುದೊಂದು ಮಾತ್ರ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇನ್ನೂ ಗೊತ್ತಾಗಿರಲಿಲ್ಲ.

ದನದ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಡುವವನೂ ಕೊಳ್ಳುವವನೂ ಕೈ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ಲು ಬೀಳುತ್ತದೆ, ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಹತ್ತು ಸಾವಿರ, ಬೆರಳಿನ ನಡುಗೆಣ್ಣು ಒತ್ತಿದರೆ ಅದರ ಅರ್ಧ. ಹೊರಗೆ ಬಾಯಿ ಏನು ಬೇಕಾದರೂ ಒದರಬಹುದು, ಅದಕ್ಕೆ ಬೆಲೆಯಿಲ್ಲ. ಟವೆಲ್ಲಿನ ಕೆಳಗೆ ಸುಳ್ಳು ಹೇಳಿದವನ ಕೈಯನ್ನು ಮಾತ್ರ ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಿದವನ ಗತಿಯೂ ಅದೇ. ಜಮಾಲಸಾಬನ ಕೆಂಪು ಚೌಕಳಿ ಟವೆಲ್ಲು ಇಂಥ ಸಾವಿರಾರು ಗುಟ್ಟುಗಳನ್ನು ನುಂಗಿಕೊಂಡು ಕೂತಿತ್ತು. ಬೆವರನ್ನೂ ನುಂಗಿತ್ತು, ಹಾಗಾಗಿ ಹೆಂಡತಿ ಶರೀಫಾಬೀ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಇಂಥವನ ಮಗಳು ಅಂಜುಮ್‌ಗೆ ಒಂದು ಸೋಮವಾರ ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಡಿಗ್ರಿಯ ಸೀಟು ಸಿಕ್ಕಿತು. ಅಪ್ಪನನ್ನು ಕೂರಿಸಿಕೊಂಡು ಅವಳು ಲೆಕ್ಕ ಬಿಡಿಸಿ ಹೇಳಿದಳು. ನಾಲ್ಕು ವರ್ಷದ ಫೀ, ಹಾಸ್ಟೆಲ್ಲು, ಲ್ಯಾಪ್‌ಟಾಪು ಎಲ್ಲ ಸೇರಿ ಐದು ಲಕ್ಷ. ಬ್ಯಾಂಕು ಸಾಲ ಕೊಡುತ್ತದೆ. ಓದು ಮುಗಿದು ವರ್ಷವಾದ ಮೇಲೆ ತಿಂಗಳಿಗೆ ಹತ್ತು ಸಾವಿರದ ಹಾಗೆ ಏಳು ವರ್ಷ ಕಟ್ಟಬೇಕು. ಶುಕ್ರವಾರದೊಳಗೆ ಅಪ್ಪನ ಸಹಿ ಬೀಳಬೇಕು. ಬೀಳದಿದ್ದರೆ ಸೀಟು ಇನ್ನೊಬ್ಬರ ಪಾಲು.

"ಆಮ್ಯಾಗ ನಿನಗ ತಿಂಗಳಿಗಿ ಎಷ್ಟ್ ಬರ್ತದ?" ಎಂದು ಜಮಾಲಸಾಬ ಕೇಳಿದ.

"ಈಗ ಹೇಳಾಕ ಬರಂಗಿಲ್ಲ ಅಬ್ಬಾ."

ಜಮಾಲಸಾಬನಿಗೆ ತಲೆ ತಿರುಗಿತು. ಅವನ ಜೀವಮಾನದಲ್ಲಿ ಯಾವ ಮಾರುವವನೂ ಹೀಗೆ ಹೇಳಿರಲಿಲ್ಲ. ಹಲ್ಲು ಉದುರಿದ ಎತ್ತನ್ನು ಹಿಡಿದುಕೊಂಡವನು ಕೂಡ ಹತ್ತು ಎಕರೆ ಉಳುತ್ತದೆ ಎನ್ನುತ್ತಾನೆ. ಇವಳು ನೋಡಿದರೆ ಐದು ಲಕ್ಷದ ಮಾತಾಡಿ, ಕೊನೆಗೆ ಹೇಳಲು ಬರುವುದಿಲ್ಲ ಎನ್ನುತ್ತಾಳೆ. ಮಗಳು ಓದುವುದು ಬೇಡವೆಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. ಆದರೆ ಹಲ್ಲು ನೋಡದೆ ವ್ಯಾಪಾರ ಕುದುರಿಸಿದ ಹೆಸರೂ ಅವನಿಗಿರಲಿಲ್ಲ. ಒಂದು ಬೆರಳು ತಿಂಗಳಾ ತಿಂಗಳಾ ಬ್ಯಾಂಕಿಗೆ ಹೋಗುತ್ತದೆ, ಸರಿ. ಬರುವ ಬೆರಳು ಎಷ್ಟು? ಇಷ್ಟು ತಿಳಿಯುವ ತನಕ ಸಹಿ ಇಲ್ಲ ಎಂದು ತೀರ್ಮಾನಿಸಿ ಅವನು ಎದ್ದ. ಎದ್ದವನು ಕೂತ, ಕೂತವನು ಮತ್ತೆ ಎದ್ದ. ಅವನ ಮುಂದಿನ ಚಹಾ ಮೂರು ಸಲ ಆರಿ, ಮೂರು ಸಲ ಬಿಸಿಯಾಗಿ, ಕೊನೆಗೆ ಆಡಿನ ಪಾಲಾಯಿತು.

ಮೊದಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಚಾರಿಸಿದ. ಕಂಪ್ಯೂಟರ್ ಓದಿದವರಿಗೆ ಪಗಾರ ಎಷ್ಟು ಎಂದು ಕೇಳಿದ್ದೇ ತಡ, ಸಾರ್ವಜನಿಕರು ಭರಪೂರ ಕೊಟ್ಟರು. ಒಬ್ಬ ತಿಂಗಳಿಗೆ ಲಕ್ಷ ಎಂದ. ಇನ್ನೊಬ್ಬ ಎರಡು ಲಕ್ಷ ಮತ್ತು ಕಾರು ಎಂದ. ಭಜಿ ಕರಿಯುತ್ತಿದ್ದವನು ತನ್ನ ಷಡ್ಡಕನ ಮಗನ ಪಗಾರ ಎಣಿಸಲಿಕ್ಕೆ ಕಂಪನಿಯವರು ಬೇರೆ ಆಳನ್ನು ಇಟ್ಟಿದ್ದಾರೆ ಎಂದ. ಬಾಯಿಂದ ಬಂದ ರೇಟು ಇಷ್ಟು ಏರಿದ್ದನ್ನು ಕಂಡು ಜಮಾಲಸಾಬ ಹೆದರಿದ. ಸಂತೆಯಲ್ಲಿ ಬಾಯಿ ಎಷ್ಟು ಏರುತ್ತದೋ ಎತ್ತು ಅಷ್ಟು ಕುಂಟು ಎಂಬುದು ಅವನ ಅನುಭವ. ನಿಜ ಬೇಕಾದರೆ ಟವೆಲ್ಲೇ ಗತಿ ಎಂದುಕೊಂಡು ಅದನ್ನು ಹೆಗಲಿಗೆ ಹಾಕಿಕೊಂಡ.

ಮಂಗಳವಾರ ಬೆಳಿಗ್ಗೆ ಮೊದಲ ಬೇಟೆ ಪಕ್ಕದ ಮನೆಯ ತಿಮ್ಮಣ್ಣ ಮಾಸ್ತರು. ಮಗ ಬುದ್ಧಪ್ರಿಯ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನದು ಹನ್ನೆರಡು ಲಕ್ಷದ ಪ್ಯಾಕೇಜು ಎಂಬುದು ಓಣಿಯ ಕೂಸಿಗೂ ಗೊತ್ತು, ಏಕೆಂದರೆ ಮಾಸ್ತರ ಹೆಂಡತಿ ದೇವಕಮ್ಮ ನೀರು ತುಂಬುವಾಗ ನಲ್ಲಿಯ ಸದ್ದನ್ನು ಮೀರಿ ಅದನ್ನು ಹೇಳುತ್ತಾಳೆ. ಈ ದಿನವೂ ಚಹಾ ತಂದಿಟ್ಟು, ಹನ್ನೆರಡು ಲಕ್ಷ ಎಂದು ನೆನಪು ಮಾಡಿ ಒಳಗೆ ಹೋದಳು.

ಜಮಾಲಸಾಬ ಮಾಸ್ತರ ಬಲಗೈ ಹಿಡಿದು ಮೇಲೆ ಟವೆಲ್ಲು ಹಾಕಿದ. ಮಾಸ್ತರು ಒಕ್ಕಲುತನದ ಮನೆಯಿಂದ ಬಂದವರು, ಈ ಭಾಷೆ ಬಲ್ಲವರು. ಒಳಬಾಗಿಲ ಕಡೆ ಒಮ್ಮೆ ನೋಡಿಕೊಂಡರು. ಆಮೇಲೆ ಮಾಸ್ತರು ಎರಡು ಬೆರಳು ಹಿಡಿದರು. ಮೂರನೆಯದರ ನಡುಗೆಣ್ಣು ಒತ್ತಿದರು. ಎರಡೂವರೆ, ಅಂದರೆ ತಿಂಗಳಿಗೆ ಇಪ್ಪತ್ತೈದು ಸಾವಿರ. ಬ್ಯಾಂಕಿಗೆ ಎಷ್ಟು ಎಂದು ಜಮಾಲಸಾಬ ಹುಬ್ಬಿನಲ್ಲೇ ಕೇಳಿದ. ಒಂದು ಬೆರಳು. ಉಳಿದ ಒಂದೂವರೆಯಲ್ಲಿ ಹುಡುಗ ಹೈದರಾಬಾದಿನಲ್ಲಿ ಬಾಡಿಗೆ ಕಟ್ಟಿ, ತಿಂದು, ಹಬ್ಬಕ್ಕೆ ತಾಯಿಗೆ ಸೀರೆ ತರುತ್ತಾನೆ. ಮಾಸ್ತರ ಕಣ್ಣಿನಲ್ಲಿ ನೀರಾಡಿತು. ಮೂರು ವರ್ಷದಿಂದ ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಿದ್ದು ಇಳಿಯಿತೆಂದು ಅವರಿಗೆ ಹಗುರವಾಗಿತ್ತು. ವ್ಯಾಪಾರ ಮುಗಿದರೂ ಕೈ ಬಿಡಲಿಲ್ಲ.

"ಮತ್ತ ಓದ್ಸಿದ್ದು ತಪ್ಪಾತೇನ್ರಿ ಸರ?" ಎಂದು ಜಮಾಲಸಾಬ ಮೆಲ್ಲಗೆ ಕೇಳಿದ.

"ಓದಸಲಾರದ ಮತ್ತೇನ್ ಮಾಡೂದ್ರಿ. ನಮ್ಮಪ್ಪ ಮಂದಿ ಹೊಲದಾಗ ದುಡದ. ನನ್ನ ಮಗ ಕುರ್ಚಿ ಮ್ಯಾಲ ಕುಂತು ದುಡಿತಾನ."

ಅಷ್ಟರಲ್ಲಿ ದೇವಕಮ್ಮ ಕಪ್ಪು ಒಯ್ಯಲು ಬಂದಳು. ಮಾಸ್ತರು ಗಂಟಲು ಸರಿಮಾಡಿಕೊಂಡು, ಹನ್ನೆರಡು ಲಕ್ಷವೆಂದರೆ ಸಣ್ಣ ಮಾತಲ್ಲ ಎಂದರು. ಜಮಾಲಸಾಬನೂ ಗಂಭೀರವಾಗಿ, ಹೌದ್ರಿ ಸರ, ಭಾಳ ದೊಡ್ಡ ಮಾತು ಎಂದು ಒಪ್ಪಿಕೊಂಡು ಟವೆಲ್ಲು ಝಾಡಿಸಿದ.

ಒಂದು ಎತ್ತು ನೋಡಿ ಸಂತೆಯ ರೇಟು ಹೇಳಬಾರದು. ಬುಧವಾರ ಬಸ್ಸು ಹತ್ತಿ ಶಹಾಪುರಕ್ಕೆ ಹೋದ. ಅಲ್ಲಿ ಗಯಾಸ ಎಂಬ ಹುಡುಗ ಅದೇ ಕಂಪ್ಯೂಟರ್ ಡಿಗ್ರಿ ಮಾಡಿ, ಒಂದಿಷ್ಟು ದಿನ ಪಟ್ಟಣದಲ್ಲಿ ಕೆಲಸ ಮಾಡಿ, ಈಗ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದ. ತಾನು ಬಿಟ್ಟು ಬರುವಾಗ ಕಂಪನಿಯವರು ಅತ್ತರು ಎಂದು ಗಿರಾಕಿಗಳೆಲ್ಲರಿಗೂ ಕೇಳುವಂತೆ ಹೇಳಿದ. ಟವೆಲ್ಲು ಬಿದ್ದ ಮೇಲೆ ಬೇರೆ ಕಥೆ ಬಂತು. ಕಂಪನಿಯಲ್ಲಿ ಸಿಕ್ಕಿದ್ದು ಒಂದೂವರೆ ಬೆರಳು. ಅಂಗಡಿಯಲ್ಲಿ ಈಗ ಮೂರೂವರೆ. ಹಾಗಾದರೆ ಆ ಡಿಗ್ರಿ ಏನು ಮಾಡುತ್ತದೆ ಎಂದಾಗ ಗಯಾಸ ತಲೆಯೆತ್ತಿ ತೋರಿಸಿದ. ಝೆರಾಕ್ಸ್ ಮಷೀನಿನ ಮೇಲೆ ಅದು ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಅದನ್ನು ನೋಡಿಯೇ ಜನ ಪಕ್ಕದ ಅಂಗಡಿ ಬಿಟ್ಟು ಇಲ್ಲಿಗೆ ಬರುತ್ತಾರಂತೆ.

ಜಮಾಲಸಾಬ ಈ ಲೆಕ್ಕವನ್ನು ಯಾವ ಖಾತೆಗೆ ಹಾಕುವುದೆಂದು ಯೋಚಿಸುತ್ತ ಕೈ ಬಿಡುವುದನ್ನೇ ಮರೆತು ನಿಂತಿದ್ದಾಗ, ಸರದಿಯ ಸಾಲಿನಲ್ಲಿ ರೇಷನ್ ಕಾರ್ಡಿನ ಕೆಲಸಕ್ಕೆ ನಿಂತಿದ್ದ ಶಾಯಿಸ್ತಾ ಅವನನ್ನು ಕಂಡಳು. ಶಾಯಿಸ್ತಾ ಶರೀಫಾಬೀಯ ಅಕ್ಕ. ಮೂರು ತಾಲೂಕಿನ ಸಂಬಂಧಗಳನ್ನು ಕೂಡಿಸಿದವಳು, ಕೂಡಿದ್ದರಲ್ಲಿ ಒಂದೆರಡನ್ನು ಬಿಡಿಸಿದವಳೂ ಹೌದು. ಮದುವೆಗೆ ಬಂದ ಮಗಳಿರುವ ಗಂಡಸು, ಮದುವೆಯಾಗದ ಹುಡುಗನ ಕೈ ಹಿಡಿದು, ಗಳಿಕೆ ಎಷ್ಟೆಂದು ಗುಟ್ಟಾಗಿ ಕೇಳುತ್ತಿದ್ದಾನೆ. ಇದಕ್ಕೆ ಎಷ್ಟು ಅರ್ಥವಿದ್ದೀತು? ಶಾಯಿಸ್ತಾಳಿಗೆ ಒಂದೇ ಹೊಳೆಯಿತು. ರೇಷನ್ ಕಾರ್ಡು ಹಾಳಾಗಿ ಹೋಗಲಿ ಎಂದು ಸಾಲು ಬಿಟ್ಟು ಫೋನು ತೆಗೆದಳು.

ಸುರಪುರದ ಬಸ್ಸಿಗಿಂತ ಸುದ್ದಿ ಮೊದಲು ಮುಟ್ಟಿತು. ಜಮಾಲಸಾಬ ಮನೆಗೆ ಬಂದಾಗ ಶರೀಫಾಬೀ ಬಾಗಿಲಲ್ಲೇ ಕಾದಿದ್ದಳು. ತನಗೊಂದು ಮಾತು ಕೇಳಬಾರದಿತ್ತೇ ಎಂಬುದು ಅವಳ ಸಿಟ್ಟು.

"ಮಗಳ ಜಲ್ಮದ ಪ್ರಶ್ನಿ ಅದ. ನಾಕ್ ಹುಡುಗರನ್ನ ನೋಡೇ ನೋಡಬೇಕಲ್ಲ," ಎಂದ ಜಮಾಲಸಾಬ. "ಒಬ್ಬಾಂವನ ಮ್ಯಾಲ ನಂಬಿಕಿ ಇಡಾಕ ಬರ್ತದೇನು?"

ಶರೀಫಾಬೀ ಬಾಯಿಗೆ ಸೆರಗು ಹಿಡಿದಳು. ನಾಲ್ಕು ಹುಡುಗರೆಂದರೆ ನಾಲ್ಕು ಮನೆಯವರು ಬರುತ್ತಾರೆ, ಮನೆಯಲ್ಲಿ ಒಳ್ಳೆಯ ತಟ್ಟೆ ಆರೇ ಇವೆ. ಗಂಡ ಕೊನೆಗೂ ಸಂಸಾರಕ್ಕೆ ತಲೆ ಕೊಟ್ಟನಲ್ಲ ಎಂಬ ಸಂತೋಷವೂ ಆಯಿತು. ಅವಳು ತಟ್ಟೆ ಕೇಳಲು ದೇವಕಮ್ಮನ ಮನೆಗೆ ಓಡಿದಳು. ತಟ್ಟೆಯ ಮಾತಿನ ಜೊತೆಗೆ ಮದುವೆಯ ವಿಷಯವೂ ಕೈ ಬದಲಾಯಿಸಿತು. ಸಂಜೆಯ ಹೊತ್ತಿಗೆ ಓಣಿಯ ಮಂದಿ ಅಂಜುಮ್‌ನ ಮುಖ ನೋಡಿ ನಗತೊಡಗಿದರು. ಪಾಪ, ಅವಳು ಸೀಟು ಸಿಕ್ಕಿದ್ದಕ್ಕೆ ನಗುತ್ತಿದ್ದಾರೆಂದುಕೊಂಡು ಎಲ್ಲರಿಗೂ ಶುಕ್ರಿಯಾ ಹೇಳಿದಳು. ಇಷ್ಟೇನೂ ನಾಚದೆ ಶುಕ್ರಿಯಾ ಹೇಳುತ್ತಾಳಲ್ಲ, ಕಾಲ ಕೆಟ್ಟಿತು ಎಂದು ಓಣಿ ಮಾತಾಡಿಕೊಂಡಿತು. ಜಮಾಲಸಾಬನ ಮೂಲಕ ಎತ್ತು ಕೊಂಡಿದ್ದ ಸಗರದ ಗೌಡರೊಬ್ಬರು ಫೋನು ಮಾಡಿ, ಮದುವೆಗೆ ಜೋಳ ತಮ್ಮ ಲೆಕ್ಕದಲ್ಲಿರಲಿ ಎಂದರು. ಜಮಾಲಸಾಬನಿಗೆ ಯಾರ ಮದುವೆಯೆಂದು ತಿಳಿಯಲಿಲ್ಲ, ಆದರೆ ಜೋಳ ಬೇಡವೆನ್ನುವ ಜಾತಿಯವನು ಅವನಲ್ಲ.

ಇನ್ನು ಗಯಾಸ. ಸುದ್ದಿ ಅವನಿಗೂ ತಲುಪಿ, ಗುರುವಾರ ಬೆಳಿಗ್ಗೆ ಕಟಿಂಗ್ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಸುರಪುರಕ್ಕೆ ಬಂದ. ಬರಿಗೈಯಲ್ಲಿ ಬರಬಾರದೆಂದು ಅಂಜುಮ್‌ನ ಸಾಲದ ಅರ್ಜಿಯನ್ನು ಪುಕ್ಕಟೆ ತುಂಬಿಕೊಟ್ಟು, ಮೂರು ಪ್ರತಿ ಝೆರಾಕ್ಸನ್ನೂ ಕೊಟ್ಟ. ಅರ್ಜಿಯಲ್ಲಿ ಒಂದು ಅಂಕಣ, ಓದು ಮುಗಿದ ಮೇಲೆ ನಿರೀಕ್ಷಿತ ಆದಾಯ. ಅಲ್ಲಿ ಪೆನ್ಸಿಲಿನಲ್ಲಿ ಹನ್ನೆರಡು ಲಕ್ಷ ಎಂದು ಬರೆದಿದ್ದ. ಎಲ್ಲರೂ ಹಾಗೇ ಬರೆಯುತ್ತಾರೆ ಎಂದ. ಅಂಜುಮ್ ಅದನ್ನು ರಬ್ಬರಿನಿಂದ ಅಳಿಸಿದಳು. ಗಯಾಸ ಅವಳ ಪ್ರಾಮಾಣಿಕತೆಗೆ ಇನ್ನಷ್ಟು ಮರುಳಾಗಿ ಹೋದ.

ಮಧ್ಯಾಹ್ನ ಬಾಗಿಲಿಗೆ ಒಂದು ಬಿಳಿ ಕಾರು ಬಂದು ನಿಂತಿತು. ಅದರಿಂದ ಶಾಯಿಸ್ತಾ ಇಳಿದಳು. ಅವಳ ಹಿಂದೆ ಯಾದಗಿರಿಯ ಬಟ್ಟೆ ವ್ಯಾಪಾರಿ, ಅವನ ಹೆಂಡತಿ, ಮಗ ತೌಹೀದ. ಗಯಾಸನಂಥವನು ಸಾಕೇ, ತನ್ನ ತಂಗಿಯ ಮಗಳಿಗೆ ನಿಜವಾದ ಕಂಪ್ಯೂಟರ್ ನೌಕರಿಯ ಹುಡುಗ ಬೇಕೆಂದು ಶಾಯಿಸ್ತಾ ರಾತ್ರೋರಾತ್ರಿ ಹುಡುಕಿ ತಂದಿದ್ದಳು. ಅಡುಗೆಮನೆಯಲ್ಲಿ ಬಿರಿಯಾನಿ ದಮ್ಮಿಗೆ ಕೂತಿತ್ತು. ಸುದ್ದಿ ತಿಳಿದು ತಿಮ್ಮಣ್ಣ ಮಾಸ್ತರು ತಟ್ಟೆಗಳನ್ನು ತಾವೇ ಹೊತ್ತು ತಂದು, ಹಿರಿಯರೊಬ್ಬರು ಇರಲಿ ಎಂದು ಕೂತರು.

ಹುಡುಗ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುತ್ತಾನೆ ಎಂದು ಶಾಯಿಸ್ತಾ ಪರಿಚಯಿಸಿದಾಗ ಜಮಾಲಸಾಬನ ಮುಖ ಅರಳಿತು. ಮೂರು ದಿನದಿಂದ ಓಡಾಡಿ, ಬಸ್ಸು ಹತ್ತಿ ಹುಡುಕಿದ್ದು ತಾನಾಗಿಯೇ ಕಾರಿನಲ್ಲಿ ಬಂದು ಮನೆಯಲ್ಲಿ ಕೂತಿದೆ. ನಾಳೆ ಸಹಿಯ ದಿನ. ಕುಶಲ ಕೇಳುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. ಹುಡುಗನನ್ನು ನೇರವಾಗಿ ಕೇಳುವುದು ಸರಿಯಲ್ಲ, ಹಿರಿಯರಿಂದ ಶುರುವಾಗಲಿ ಎಂದು ವ್ಯಾಪಾರಿಯ ಕೈ ಹಿಡಿದು ಟವೆಲ್ಲು ಹಾಕಿ, "ಎಷ್ಟ್ರಿ?" ಎಂದ.

ಬಟ್ಟೆ ವ್ಯಾಪಾರಿಗೆ ಮೊದಲು ಗಾಬರಿ, ಆಮೇಲೆ ಗೌರವ. ಹುಡುಗನ ಕಡೆಯವರಿಗೆ ಕೊಡುವ ನಗದಿಗೆ ಇಲ್ಲಿ ಜೋಡಾ ಎನ್ನುತ್ತಾರೆ. ಆ ಮಾತನ್ನು ಎಲ್ಲರೆದುರು ಹೇಗೆ ಎತ್ತುವುದೆಂದು ಅವನು ಯಾದಗಿರಿಯಿಂದ ಸುರಪುರದ ತನಕ ಕಾರಿನಲ್ಲಿ ಯೋಚಿಸುತ್ತ ಬಂದಿದ್ದ. ಇಷ್ಟು ಮರ್ಯಾದೆಯಿಂದ ಕೇಳುವ ಬೀಗ ಸಿಗುವುದು ಅಪರೂಪ. ಅವನು ಜಮಾಲಸಾಬನ ಐದೂ ಬೆರಳು ಒಟ್ಟಿಗೆ ಹಿಡಿದು ಗಟ್ಟಿಯಾಗಿ ಒತ್ತಿದ.

ಐದು ಬೆರಳು! ತಿಂಗಳಿಗೆ ಐವತ್ತು ಸಾವಿರ! ಟವೆಲ್ಲಿನ ಕೆಳಗೆ ಬಂದ ಮಾತು, ಸುಳ್ಳಾಗುವ ಪ್ರಶ್ನೆಯೇ ಇಲ್ಲ. ಜಮಾಲಸಾಬ ಎದ್ದು ನಿಂತ. ಎದೆಯ ಮೇಲಿನ ಕಲ್ಲು ಇಳಿದ ಸಂತೋಷಕ್ಕೆ ಅವನು ಜೀವಮಾನದಲ್ಲಿ ಮೊದಲ ಸಲ ನೇಮ ಮುರಿದು ಬಾಯಿಬಿಟ್ಟ.

"ಮಂಜೂರ್! ಐದು ಅಂದ್ರ ಐದು. ನಾಳಿನ ಸಹಿ ಮಾಡತೀನಿ."

ಶಾಯಿಸ್ತಾ ಮುಬಾರಕ್ ಎಂದಳು. ಶರೀಫಾಬೀ ಅಳತೊಡಗಿದಳು. ವ್ಯಾಪಾರಿಯ ಹೆಂಡತಿ ಪರ್ಸಿನಿಂದ ಖರ್ಜೂರ ತೆಗೆದು ಜಮಾಲಸಾಬನ ಬಾಯಿಗೆ ತುರುಕಿದಳು. ಬಾಗಿಲಾಚೆ ನಿಂತಿದ್ದ ಗಯಾಸ ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಇವರೆಲ್ಲ ತನ್ನ ಮಗಳ ಓದಿಗೆ ಇಷ್ಟು ಸಂತೋಷಪಡುವುದನ್ನು ಕಂಡು ಜಮಾಲಸಾಬನ ಗಂಟಲು ತುಂಬಿ ಬಂತು. ಅರ್ಧ ಖರ್ಜೂರವೂ ಅದಕ್ಕೆ ಕಾರಣ.

"ಐದರಾಗ ಒಂದ್ ಬ್ಯಾಂಕಿಗಿ ಹೋಗ್ಲಿ," ಎಂದು ಅವನು ಬೀಜ ಉಗುಳಿ ಲೆಕ್ಕ ಬಿಡಿಸಿದ. "ನಾಕು ನಮ್ಮ ಅಂಜುಮ್‌ಗ ಉಳಿತಾವ."

ವ್ಯಾಪಾರಿಯ ನಗು ನಿಂತಿತು. ಐದೂ ತಮಗೇ ಬರಬೇಕು, ನಡುವೆ ಬ್ಯಾಂಕು ಎಲ್ಲಿಂದ ಬಂತು, ಹುಡುಗಿಗೆ ನಾಲ್ಕು ಉಳಿಯುವುದೆಂದರೇನು ಎಂದು ಕೇಳಿದ. ಜಮಾಲಸಾಬ, ದುಡಿಯುವವಳು ಅವಳು, ಅವಳಿಗೆ ಉಳಿಯದೆ ನಿಮಗೆ ಉಳಿಯುತ್ತದೆಯೇ ಎಂದ. ಇಬ್ಬರ ದನಿಯೂ ಏರಿತು. ಶಾಯಿಸ್ತಾ ನಡುವೆ ಬಂದು ಇಬ್ಬರಿಗೂ ಹೌದು ಎಂದಳು. ತಿಮ್ಮಣ್ಣ ಮಾಸ್ತರು ಶಿಸ್ತು, ಶಿಸ್ತು ಎಂದು ತಟ್ಟೆ ಬಾರಿಸಿದರು.

ಅಷ್ಟು ಹೊತ್ತೂ ನೆಲ ನೋಡುತ್ತ ಕೂತಿದ್ದ ತೌಹೀದ ಆಗ ಎದ್ದ. ಬಟ್ಟೆ ಮಾರುವವನ ಮಗನಾದರೂ ಸಂತೆ ಬಲ್ಲ ಹುಡುಗ. ಜಮಾಲಸಾಬನ ಹತ್ತಿರ ಬಂದು ತಾನಾಗಿಯೇ ಟವೆಲ್ಲಿನ ಕೆಳಗೆ ಕೈ ಇಟ್ಟ. ಒಂದು ಬೆರಳು ಹಿಡಿದ. ಎರಡನೆಯದರ ನಡುಗೆಣ್ಣು ಒತ್ತಿದ. ಅಷ್ಟೇ.

ಜಮಾಲಸಾಬ ಅವನ ಮುಖ ನೋಡಿದ. "ಇದು ಪಗಾರ?"

"ಹೌದ್ರಿ ಚಾಚಾ."

"ಹಂಗಾರ ನಿಮ್ಮಪ್ಪ ಹಿಡದ ಐದು?"

ತೌಹೀದ ಅಪ್ಪನ ಕಡೆ ನೋಡಲಿಲ್ಲ. "ಅದು ಜೋಡಾರಿ, ಬೆರಳಿಗೊಂದು ಲಕ್ಷ. ನಾ ಓದೂಮುಂದ ಬ್ಯಾಂಕಿನಾಗ ತಗೊಂಡ ಸಾಲ ಐದು ಲಕ್ಷ. ಅದನ್ನ ತೀರಸಾಕ."

ಅಡುಗೆಮನೆಯ ಬಾಗಿಲಲ್ಲಿ ಅಂಜುಮ್ ಸಾಲದ ಫೈಲು ಎದೆಗವಚಿಕೊಂಡು ನಿಂತಿದ್ದಳು. ಬಂದವರು ಯಾಕೆ ಬಂದಿದ್ದಾರೆಂದು ಅವಳಿಗೆ ಗೊತ್ತಾಗಿದ್ದು ಆ ಕ್ಷಣದಲ್ಲೇ. ಅಪ್ಪ ಈಗಾಗಲೇ ಮಂಜೂರ್ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಾನೆ.

ಜಮಾಲಸಾಬ ಮತ್ತೆ ಕೂತ. ಮೂರು ದಿನದಲ್ಲಿ ಅವನು ಇಷ್ಟು ಹೊತ್ತು ಒಂದೇ ಕಡೆ ಕೂತದ್ದು ಇದೇ ಮೊದಲು. ತನ್ನ ಐದು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದ.

"ಸಾಹೇಬ್ರ, ಐದು ನಾ ಹ್ಯಾಂಗಿದ್ರೂ ಕೊಡಲೇಬೇಕು. ನಿಮ್ಮ ಮಗ ಓದಿದ್ದಕ್ಕ ಕೊಡೂದ್ಕಿಂತ ನನ್ನ ಮಗಳು ಓದಾಕ ಕೊಡತೀನಿ. ಮಂಜೂರ್ ಅಂದದ್ದು ಅದಕ್ಕ. ಈಗ ಊಟಕ್ಕ ಏಳ್ರಿ, ಬಿರಿಯಾನಿ ತಣ್ಣಗಾಗಾಕತ್ತದ."

ಬಿರಿಯಾನಿಯ ಎದುರು ಅವಮಾನವನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಕಷ್ಟ. ವ್ಯಾಪಾರಿ ಬಿಗಿದ ಮುಖದಲ್ಲೇ ಎರಡು ತಟ್ಟೆ ಉಂಡ. ತೌಹೀದ ಎಲ್ಲರಿಗಿಂತ ಹಗುರಾಗಿ ಉಂಡ. ತಿಮ್ಮಣ್ಣ ಮಾಸ್ತರು ಅವನ ಪಕ್ಕ ಕೂತು, ಒಂದೂವರೆಯಿಂದ ಎರಡೂವರೆಗೆ ಬರಲು ಎರಡು ವರ್ಷ ಬೇಕು, ಹೆದರಬೇಡ ಎಂದು ಕಿವಿಯಲ್ಲಿ ಹೇಳಿದರು. ಹನ್ನೆರಡು ಲಕ್ಷದ ಮಾತು ಎತ್ತಲಿಲ್ಲ. ಶಾಯಿಸ್ತಾ ಮಾತ್ರ ಕಾರು ಹತ್ತುವ ತನಕ ತಂಗಿಯ ಗಂಡನ ತಲೆ ಸರಿಯಿಲ್ಲವೆಂದು ಹೇಳುತ್ತಲೇ ಇದ್ದಳು, ಸೀಟು ಸಿಕ್ಕ ಹುಡುಗಿಗೆ ನಾಲ್ಕು ವರ್ಷದ ಮೇಲೆ ಇನ್ನೂ ಒಳ್ಳೆಯ ಹುಡುಗ ಸಿಗುತ್ತಾನೆ ಎಂಬುದನ್ನೂ ಅದರೊಳಗೇ ಸೇರಿಸಿದಳು.

ಎಲ್ಲ ಹೋದ ಮೇಲೆ ಅಂಜುಮ್ ಅಪ್ಪನ ಎದುರು ಬಂದು ಕೂತು ಕೈ ಚಾಚಿದಳು. ಸಂತೆಯ ಟವೆಲ್ಲಿನ ಕೆಳಗೆ ಹೆಣ್ಣುಮಕ್ಕಳ ಕೈ ಬರುವ ರೂಢಿಯಿಲ್ಲ. ಆದರೆ ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಆ ಕತ್ತಲೆಯಲ್ಲಿ ಬೆರಳು ಓಡಾಡುವುದನ್ನು ಮುಟ್ಟಿ ಮುಟ್ಟಿ ಕಲಿತವಳು ಅವಳು. ಜಮಾಲಸಾಬ ಒಂದು ಕ್ಷಣ ಅನುಮಾನಿಸಿ ಟವೆಲ್ಲು ಹಾಕಿದ. ಎಷ್ಟು ಎಂದು ಬಾಯಿಬಿಟ್ಟು ಕೇಳಲಿಲ್ಲ.

ಅಂಜುಮ್ ಒಂದು ಬೆರಳು ಹಿಡಿದಳು.

ಜಮಾಲಸಾಬ ಕಾದ. ಎರಡನೆಯದು ಬರಲಿಲ್ಲ.

"ಬ್ಯಾಂಕಿಂದು ಕಟ್ಟತೀನಿ ಅಬ್ಬಾ. ಅಷ್ಟ್ ಮಾತ್ರ ಗೊತ್ತದ."

ಮಾರುವವರು ಹತ್ತು ಹೇಳಿ ಏಳಕ್ಕೆ ಇಳಿಯುವುದನ್ನು ಅವನು ಬದುಕಿನುದ್ದಕ್ಕೂ ನೋಡಿದ್ದ. ತನ್ನದನ್ನು ಎಲ್ಲಕ್ಕಿಂತ ಕಡಿಮೆ ಹೇಳಿ ಅದರ ಮೇಲೆ ಗಟ್ಟಿಯಾಗಿ ಕೂತವರನ್ನು ಇಂದೇ ಕಂಡದ್ದು. ಮಗಳ ಮೇಲೆ ಅವನಿಗೆ ಹೇಳಲಾರದಷ್ಟು ಪ್ರೀತಿ ಬಂತು. ಅವಳ ಬೆರಳನ್ನು ಬಿಡದೆ ಬಹಳ ಹೊತ್ತು ಹಾಗೇ ಕೂತ.

ಶುಕ್ರವಾರ ಬ್ಯಾಂಕು ತೆರೆಯುವುದಕ್ಕಿಂತ ಅರ್ಧ ಗಂಟೆ ಮೊದಲೇ ಅಪ್ಪ ಮಗಳು ಬಾಗಿಲಲ್ಲಿದ್ದರು. ಕೌಂಟರಿನಲ್ಲಿದ್ದ ಭಾರತಿ ಎಂಬ ಹೆಣ್ಣುಮಗಳು ಅರ್ಜಿ ತಿರುವಿ, ಎಲ್ಲ ಸರಿಯಿದೆ, ನಿರೀಕ್ಷಿತ ಆದಾಯದ ಅಂಕಣ ಮಾತ್ರ ಖಾಲಿ ಇದೆ, ಅದನ್ನು ತುಂಬಿ ಕೆಳಗೆ ಸಹಿ ಮಾಡಿ ಎಂದಳು. ಜಮಾಲಸಾಬ ಕೆಳಗೆ ಉರ್ದುವಿನಲ್ಲಿ ದೊಡ್ಡದಾಗಿ ಸಹಿ ಹಾಕಿದ. ಆಮೇಲೆ ಮೇಜಿನ ಮೇಲಿದ್ದ ಶಾಯಿಯ ಪ್ಯಾಡನ್ನು ಹತ್ತಿರಕ್ಕೆ ಎಳೆದುಕೊಂಡು, ತೋರುಬೆರಳನ್ನು ಚೆನ್ನಾಗಿ ಅದ್ದಿ, ಆದಾಯದ ಅಂಕಣದಲ್ಲಿ ಒತ್ತಿದ.

ಭಾರತಿ ಬೆಚ್ಚಿದಳು. "ಸಹಿ ಬರ್ತದಲ್ರಿ ನಿಮಗ, ಮತ್ತ ಹೆಬ್ಬೆಟ್ ಯಾಕ್ ಒತ್ತೀರಿ?"

"ಹೆಬ್ಬೆಟ್ ಅಲ್ರಿ ಅದು," ಎಂದ ಜಮಾಲಸಾಬ. "ನನ್ನ ಮಗಳ ರೇಟು."

ಭಾರತಿ ತಲೆಗೆ ಕೈ ಹಚ್ಚಿಕೊಂಡು, ಮೊದಲಿನಿಂದ ತುಂಬಿರೆಂದು ಹೊಸ ಅರ್ಜಿ ಕೊಟ್ಟಳು. ಹಾಳಾದದ್ದನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಅಂಜುಮ್ ಅದನ್ನು ಇಸಿದುಕೊಂಡಳು. ಶಾಯಿ ಅಂಟದ ಹಾಗೆ ಅಪ್ಪನ ಟವೆಲ್ಲಿನ ತುದಿಯಿಂದ ಮೆಲ್ಲಗೆ ಒತ್ತಿ ಆರಿಸಿ, ನಾಲ್ಕು ಮಡಿಕೆ ಮಾಡಿ, ಕಲಬುರಗಿಗೆ ಒಯ್ಯುವ ಬ್ಯಾಗಿನಲ್ಲಿ ಇಟ್ಟುಕೊಂಡಳು.